ಉತ್ತರಗಳಷ್ಟೇ ಇದ್ದ ಭಾಷೆ

ಹಳೇ ಸಾಮಾನಿನ ವ್ಯಾಪಾರ ಕಲಿಯಬೇಕು ಅಂತ ನನ್ನ ಹತ್ತಿರ ಬರುವ ಹುಡುಗರು ಮೊದಲು ಕೇಳುವುದು ತೇಗ, ಹಿತ್ತಾಳೆಯ ವಿಚಾರ. ಬಣ್ಣ ಬಳಿದ ಮರ ಯಾವುದೆಂದು ಹೇಗೆ ಕಂಡುಹಿಡಿಯುವುದು, ಹಿತ್ತಾಳೆಯನ್ನು ತಟ್ಟಿದರೆ ಎಂಥ ಸದ್ದು ಬರಬೇಕು, ಇಂಥವು. ಅದೆಲ್ಲ ಕೈಗೆ ತಾನಾಗಿ ಬರುತ್ತದೆ. ನಾನು ಅವರನ್ನು ಕೇಳುವುದು ಬೇರೆ: "ನಿಂಗೆಷ್ಟು ಭಾಷೆ ಬತ್ತದಪ್ಪ?" ಕನ್ನಡ, ತಮಿಳು, ತೆಲುಗು ಅನ್ನುತ್ತಾರೆ. ನಮ್ಮ ಕೆ.ಜಿ.ಎಫ್.ನಲ್ಲಿ ಅವು ಮೂರೂ ಸೇರಿ ಒಂದೇ ಭಾಷೆ, ಲೆಕ್ಕಕ್ಕಿಲ್ಲ. ಯಾವ ಉಪಯೋಗಕ್ಕೂ ಬಾರದ ಇನ್ನೊಂದು ಭಾಷೆ ಕಲಿತುಕೋ, ಆಮೇಲೆ ತಕ್ಕಡಿ ಹಿಡಿ ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಅಂದುಕೊಂಡು ಕಾಫಿ ಕುಡಿದು ಹೋಗುತ್ತಾರೆ. ಅವರಿಗೆ ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಬಂಗಾರಪೇಟೆ ಸಂತೆಯಲ್ಲಿ ದನದ ದಲ್ಲಾಳಿ. ಆಗಿನವರ ಬಾಯಲ್ಲಿ ಅದಿನ್ನೂ ಬೌರಿಂಗ್‌ಪೇಟೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಕೆಳಗೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಬೆರಳು ಮುಟ್ಟಿ ಹೇಳುತ್ತಾರೆ. ಮೇಲೆ ಮಳೆ ಬೆಳೆ ಮಾತಾಡುತ್ತಿರುತ್ತಾರೆ, ಕೆಳಗೆ ಎತ್ತು ಕೈ ಬದಲಾಗಿರುತ್ತದೆ. ನಾನು ಕಲಿತ ಮೊದಲ ಪರಭಾಷೆ ಅದೇ. ಅಪ್ಪ ನನಗೆ ಕೊಟ್ಟ ಆಸ್ತಿಯೂ ಒಂದೇ ಮಾತು: "ಬೆಲೆ ಎಷ್ಟು ಅಂತ ಕೇಳಬ್ಯಾಡ ಕಣ್ಲಾ. ನೀನೇ ಒಂದು ಬೆಲೆ ಏಳು. ತಪ್ಪಾಗೇ ಏಳು. ಕೇಳಿದ್ರೆ ಅವ್ನು ಬಾಯಿ ಮುಚ್ಕೊಂತಾನೆ. ತಪ್ಪು ಏಳಿದ್ರೆ ತಿದ್ದಾಕಾದ್ರೂ ಬಾಯಿ ಬಿಡ್ತಾನೆ." ಈ ಮಾತನ್ನು ಜ್ಞಾಪಕದಲ್ಲಿಡಿ, ಮುಂದೆ ಬೇಕಾಗುತ್ತದೆ.

ರಾಬರ್ಟ್‌ಸನ್‌ಪೇಟೆಯಲ್ಲಿ ಮುನಿರತ್ನಂ ಶೆಟ್ಟರ ಅಂಗಡಿಗೆ ನಾನು ಸೇರಿದ್ದು ಐವತ್ತರ ದಶಕದ ಮೊದಲಲ್ಲಿ. ಗಣಿಯ ಬಂಗಲೆಗಳಿಂದ ಊರಿಗೆ ಹೊರಡುವ ದೊರೆಗಳ ಮಂಚ, ಕನ್ನಡಿ, ಪುಸ್ತಕ, ರದ್ದಿ, ಎಲ್ಲ ಕೊಳ್ಳುವ ಅಂಗಡಿ. ಶೆಟ್ಟರು ಕೆಟ್ಟವರಲ್ಲ, ಆದರೆ ಅವರ ನಾಲಿಗೆ ಅರದ ಹಾಗೆ. ಒಮ್ಮೆ ಅವರಿಲ್ಲದಾಗ ಚಿನ್ನದ ಅಕ್ಷರದ ರಟ್ಟಿಗೆ ಮರುಳಾಗಿ ಒಂದು ಪೆಟ್ಟಿಗೆ ಪುಸ್ತಕ ಕೊಂಡೆ. ಇಂಗ್ಲಿಷ್ ಅಂದುಕೊಂಡಿದ್ದೆ. ಬಿಚ್ಚಿದರೆ ಜರ್ಮನ್. ಕೊನೆಗೆ ಆಂಡರ್ಸನ್‌ಪೇಟೆಯ ಕಡಲೆಕಾಯಿ ಅಂಗಡಿಯವನು ಪೊಟ್ಟಣ ಕಟ್ಟಲು ತೆಗೆದುಕೊಂಡ.

"ಏಮಿರಾ ನಾರಾಯಣಪ್ಪ, ಜರ್ಮನಿ ಕಡಲೆಕಾಯಿ ರುಚಿಯಾಗೈತಾ?" ಅಂತ ಶೆಟ್ಟರು ವರ್ಷವಿಡೀ ಕೇಳಿದರು.

ಆ ಅವಮಾನ ನನ್ನ ಮೊದಲ ಮೇಷ್ಟ್ರು. ಓದಲು ಬರದಿದ್ದರೂ ಯಾವ ಭಾಷೆ ಅಂತ ಮುಖ ನೋಡಿ ಹೇಳುವಂತಾಗಬೇಕು ಎಂದು ಹಟ ಹಿಡಿದೆ. ಜರ್ಮನ್ನಿನಲ್ಲಿ ಸಾಲಿನ ನಡುವೆಯೂ ದೊಡ್ಡಕ್ಷರಗಳು ತಲೆ ಎತ್ತಿ ನಿಂತಿರುತ್ತವೆ. ಫ್ರೆಂಚಿನ ಅಕ್ಷರಗಳ ನೆತ್ತಿಯ ಮೇಲೆ ಗುಬ್ಬಿ ಕೂತ ಹಾಗೆ ಗುರುತುಗಳು. ಮೂರನೆಯದೊಂದಿತ್ತು, ಅದರಲ್ಲಿ ಹೆಚ್ಚು ಕಡಿಮೆ ಪ್ರತಿ ಮಾತೂ ಆ, ಎ, ಇ, ಓ ಅಂತಲೇ ಮುಗಿಯುತ್ತಿತ್ತು. ನಮ್ಮ ಕನ್ನಡ ತೆಲುಗಿನ ಹಾಗೆ, ಬಾಯಿ ತೆರೆದುಕೊಂಡೇ ನಿಲ್ಲುವ ಮಾತು. ಇಟಾಲಿಯನ್. ಅದನ್ನು ಕಂಡ ದಿನ, ದೂರದ ಊರಿನಲ್ಲಿ ನಮ್ಮ ನೆಂಟರ ಮನೆ ಇದೆಯೆಂದು ಗೊತ್ತಾದ ಹಾಗೆ ಆಯಿತು.

ಪಾಠದ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ. ಪುಸ್ತಕದ ಅಂಗಡಿಯಲ್ಲಿ ಮಾತ್ರ ಹುಡುಕಬೇಡಿ. ಹೊಲಿಗೆ ಯಂತ್ರದ ಜೊತೆ ಒಂದು ಕಾಗದ ಬರುತ್ತದೆ, ಎಲ್ಲರೂ ಬಿಸಾಡುತ್ತಾರೆ. ಒಂದೇ ವಿಷಯವನ್ನು ನಾಲ್ಕೈದು ಭಾಷೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಮೀನಿನ ಡಬ್ಬಿ, ಎಣ್ಣೆಯ ಡಬ್ಬಿ, ಔಷಧಿ ಸೀಸೆಯ ಚೀಟಿ, ಗಡಿಯಾರದ ಪೆಟ್ಟಿಗೆ, ಯಾವುದನ್ನೂ ಬಿಡಬೇಡಿ. ಹೀಗೆ ಕಲಿತು ನಾನು ಸೂಜಿ, ಎಣ್ಣೆ, ತಿರುಪು, ಉಪ್ಪು ಎನ್ನುವುದನ್ನು ಐದು ಭಾಷೆಯಲ್ಲಿ ಹೇಳುತ್ತಿದ್ದೆ. ನಮಸ್ಕಾರ ಎನ್ನುವುದು ಮಾತ್ರ ಒಂದರಲ್ಲೂ ಗೊತ್ತಿರಲಿಲ್ಲ.

ಆಮೇಲೆ ಆ ತಟ್ಟೆಗಳು ಬಂದವು.

ಗಣಿ ಸರ್ಕಾರದ ಕೈಗೆ ಬಂದಿತ್ತು. ಬಂಗಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಒಂದು ಬಂಗಲೆಯ ವರಾಂಡದ ಮೂಲೆಯಲ್ಲಿ ಕೀಲಿ ಕೊಡುವ ಗ್ರಾಮಫೋನು, ಜೊತೆಗೆ ಇಟಾಲಿಯನ್ ಕಲಿಸುವ ತಟ್ಟೆಗಳ ಪೆಟ್ಟಿಗೆ. ಪಾಠದ ಕ್ರಮ ಹೀಗಿತ್ತು: ಒಂದು ತಟ್ಟೆಯಲ್ಲಿ ಗಂಡಸು ಪ್ರಶ್ನೆ ಕೇಳುತ್ತಾನೆ, ಜೋಡಿ ತಟ್ಟೆಯಲ್ಲಿ ಹೆಂಗಸು ಉತ್ತರ ಹೇಳುತ್ತಾಳೆ. ಪ್ರಶ್ನೆಯ ತಟ್ಟೆಗಳೆಲ್ಲ ಯಾವಾಗಲೋ ಬಿದ್ದು ಚೂರಾಗಿದ್ದವು. ಜೊತೆಗಿದ್ದ ಇಂಗ್ಲಿಷ್ ಅರ್ಥದ ಪುಸ್ತಕದಲ್ಲಿ ಪ್ರಶ್ನೆಗಳಿದ್ದ ಮೊದಲ ಅರ್ಧ ಗೆದ್ದಲಿಗೆ ಹೋಗಿತ್ತು. ಉಳಿದದ್ದು ಉತ್ತರಗಳು, ಅವುಗಳ ಅರ್ಥ. ಅಷ್ಟು ಇಂಗ್ಲಿಷ್ ಆ ಹೊತ್ತಿಗೆ ಕಲಿತಿದ್ದೆ. ಇಡೀ ಪೆಟ್ಟಿಗೆ ರದ್ದಿಗೆ ಸಮ ಅಂತ ಚೌಕಾಸಿ ಮಾಡಿ ತಂದೆ.

ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿದಾಗ ಮನೆಯ ನಡುಮನೆಯಲ್ಲಿ ಕೂತು ಕೀಲಿ ಕೊಡುತ್ತಿದ್ದೆ. ಗಾಳಿಕಾಲದಲ್ಲಿ ಸೈನೈಡ್ ಗುಡ್ಡಗಳಿಂದ ನುಣ್ಣನೆಯ ಧೂಳು ಎದ್ದು ಊರಿನ ಬಿಸಿಲೇ ಹಾಲು ಬೆರೆಸಿದ ಹಾಗಾಗುತ್ತಿತ್ತು. ಹೊಸಬರಿಗೆ ಹೇಳಬೇಕು: ಅವು ದೇವರು ಮಾಡಿದ ಗುಡ್ಡಗಳಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ತಂದು ಸುರಿದೂ ಸುರಿದೂ ಬೆಳೆದವು. ಆ ಮಸುಕು ಬೆಳಕಿನಲ್ಲಿ, ಸೂಜಿ ಕರಕರ ಎನ್ನುತ್ತ, ಆಕೆ ಮಾತಾಡುತ್ತಿದ್ದಳು. ಲಾ ಮೀಯಾ ಕಾಸಾ ಎ ವಿಚೀನೋ ಅಲ್ ಮಾರೆ. ನನ್ನ ಮನೆ ಸಮುದ್ರದ ಹತ್ತಿರ. ನಾನು ಸಮುದ್ರ ಕಂಡವನಲ್ಲ. ಬೇತಮಂಗಲದ ಕೆರೆಯನ್ನೇ ಆಚೆ ದಡ ಮನಸ್ಸಿನಲ್ಲೇ ಅಳಿಸಿ ನೋಡಿಕೊಳ್ಳುತ್ತಿದ್ದೆ. ಆಕೆಗೆ ತೋಟವಿತ್ತು, ತೋಟದಲ್ಲಿ ತುಂಬಾ ಮರಗಳಿದ್ದವು, ಮೋಲ್ತಿ ಆಲ್ಬೆರಿ. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದಳು, ಮೊಂತಾನ್ಯಾ. ಕೀಲಿ ಸಡಿಲವಾದಂತೆ ಆಕೆಯ ದನಿ ಇಳಿದು ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ ಎಳೆಯುತ್ತಿತ್ತು. ನಾನೂ ಹಾಗೇ ಎಳೆದು ಹೇಳುತ್ತಿದ್ದೆ. ಭಾಷೆಯ ಗುಣವೇ ಅದು ಅಂದುಕೊಂಡಿದ್ದೆ.

ನನ್ನ ಹೆಂಡತಿ ರಾಜಮ್ಮ ಒರಳಿನ ಹತ್ತಿರದಿಂದ ಕೇಳುತ್ತಿದ್ದಳು: "ಏನಂತೆ ಇವತ್ತು ಆಯಮ್ಮಂದು?"

"ಸೋನೋ ಸ್ತಾಂಕಾ. ಸುಸ್ತಾಗದೆ ಅಂತಾಳೆ."

"ತಟ್ಟೆ ಮ್ಯಾಲೆ ಕೂತ್ಕೊಂಡು ತಿರುಗೋಳ್ಗೆ ಏನ್ ಸುಸ್ತು? ನಂಗೊಂದು ತಟ್ಟೆ ಮಾಡಿಸಿಕೊಡಿ, ನಾನೂ ಏಳ್ತೀನಿ."

ಕಲಿತದ್ದನ್ನು ಆಡಿ ನೋಡಲು ಊರಿನಲ್ಲಿ ಉಳಿದಿದ್ದದ್ದು ಒಬ್ಬರೇ ಇಟಲಿಯವರು. ಹೆಸರು ಬಾರ್ತೊಲೋ. ಊರಿನ ಬಾಯಲ್ಲಿ ಭರ್ತಲಪ್ಪ. ಹರೆಯದಲ್ಲಿ ಗಣಿಯೊಳಗೆ ಕಲ್ಲು ಕಟ್ಟುವ ಕೆಲಸಕ್ಕೆ ಬಂದವರು, ಮುದುಕರಾಗಿ ಆಂಡರ್ಸನ್‌ಪೇಟೆಯ ಅಂಚಿನಲ್ಲಿ, ಸೈನೈಡ್ ಗುಡ್ಡದ ಬುಡದಲ್ಲಿ ಒಂದು ಸಣ್ಣ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಪಕ್ಕದ ಮನೆಯ ಮೇರಿಯಮ್ಮ ಅಡುಗೆ ಮಾಡಿಕೊಡುತ್ತಿದ್ದಳು. ಅವರ ತಮಿಳು ಮೇರಿಯಮ್ಮನ ತಮಿಳಿಗಿಂತ ಜೋರು. ಇಟಾಲಿಯನ್ ಮಾತ್ರ ಆಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಯಾರ್ ಕಿಟ್ಟೆ, ಯಾರ ಹತ್ರ ಆಡಲಿ? ಎಲ್ಲ ಹೋದರು," ಎನ್ನುತ್ತಿದ್ದರು.

ಒಂದು ದಿನ ಹಳೇ ಸೀಸೆ ಕೇಳುವ ನೆಪದಲ್ಲಿ ಹೋಗಿ ಬಾಗಿಲಲ್ಲಿ ನಿಂತು, ಎದೆಯುಬ್ಬಿಸಿ, "ಸೋನೋ ಕೊಂತೆಂತಾ" ಎಂದೆ. ನನಗೆ ಸಂತೋಷವಾಗಿದೆ.

ಅವರು ನನ್ನನ್ನು ನೋಡಿದರು. ನನ್ನ ಮೀಸೆಯನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಆಹಾ, ಸಿನ್ಯೋರೀನಾ! ಸಿನ್ಯೋರೀನಾ!" ಎನ್ನುತ್ತ ಒಳಗೆ ಹೋಗಿಬಿಟ್ಟರು.

ಆ ಪದ ನನ್ನ ಅರ್ಧ ಪುಸ್ತಕದಲ್ಲಿ ಇರಲಿಲ್ಲ. ಪಂಡಿತರಿಗೆ ಕೊಡುವ ಬಿರುದಿರಬೇಕು ಅಂದುಕೊಂಡೆ. ನಕ್ಕದ್ದು ಸಂತೋಷಕ್ಕೆ ಅಂದುಕೊಂಡೆ. ಅಂಗಡಿಗೆ ಬಂದು ಶೆಟ್ಟರಿಗೆ ಹೇಳಿದೆ. ರಾಜಮ್ಮನಿಗೆ ಹೇಳಿದೆ. ಪೇಟೆಯಲ್ಲಿ ನನಗೆ ಸಿನ್ರೀನಪ್ಪ ಅಂತಲೇ ಹೆಸರಾಯಿತು. ನಾನು ಹೆಮ್ಮೆಯಿಂದ ಓಗೊಡುತ್ತಿದ್ದೆ.

ಕಾಲ ಹೋಯಿತು. ಶೆಟ್ಟರ ನಂತರ ಅಂಗಡಿ ನನ್ನದಾಯಿತು. ವ್ಯಾಪಾರದ ರೀತಿಯೂ ಬದಲಾಯಿತು. ಮುಂಚೆ ಬಂಗಲೆಯ ಬಟ್ಲರನ ಹತ್ತಿರ ಕೂತು, ಅವನ ಮಗಳ ಮದುವೆ ವಿಚಾರಿಸಿ, ಮಾತಿನಲ್ಲೇ ಮಂಚ ಇಳಿಸಬಹುದಿತ್ತು. ಆಮೇಲೆ ಬಂತು ಮುಚ್ಚಿದ ಲಕೋಟೆಯ ಟೆಂಡರು. ಲಕೋಟೆಗೆ ಮುಖವಿಲ್ಲ, ಅದರ ಜೊತೆ ಚೌಕಾಸಿ ಮಾಡಲು ಬರುವುದಿಲ್ಲ. ಈಗಿನ ಹುಡುಗರು ಅದನ್ನೇ ವ್ಯಾಪಾರ ಎನ್ನುತ್ತಾರೆ. ಇರಲಿ.

ಅರವತ್ತರ ದಶಕದಲ್ಲಿ ಒಂದು ದಿನ ಮೇರಿಯಮ್ಮ ಅಂಗಡಿಗೆ ಓಡಿ ಬಂದಳು. ಭರ್ತಲಪ್ಪನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಆಸ್ಪತ್ರೆಯಲ್ಲಿದ್ದರು. ತಮಿಳು, ಇಂಗ್ಲಿಷು ಎರಡೂ ನಾಲಿಗೆಯಿಂದ ಅಳಿಸಿಹೋಗಿದ್ದವು. ಯಾವಾಗಲೂ ಒಂದೇ ಮಾತು.

"ಕಾಸಾ, ಕಾಸಾ ಅಂತಾರೆ ಸಾಮಿ. ಕಾಸು ಕೇಳ್ತಾರೆ ಅಂತ ಎಲ್ಲಾ ನಗ್ತಾರೆ. ಒರು ನಾಳುಂ, ಒಂದು ದಿನಾನೂ ಅವರು ಕಾಸು ಅಂದೋರಲ್ಲ. ನೀ ಬಾ, ನಿಂಗೆ ಅವರ ಪಾಷೆ ತೆರಿಯುಂ, ಬತ್ತದಲ್ಲ."

ಹೋದೆ. ಪಕ್ಕದ ಹಾಸಿಗೆಯವನು ಕನಿಕರದಿಂದ ಅವರ ಅಂಗೈಯಲ್ಲಿ ಚಿಲ್ಲರೆ ಇಡುತ್ತಿದ್ದ, ಅವರು ಅದನ್ನು ಎಸೆಯುತ್ತಿದ್ದರು. "ಓಗೋ ಕಾಲದಾಗೂ ಕಾಸಿನ ಮ್ಯಾಲೇ ಗ್ಯಾನ," ಎಂದ ಒಬ್ಬ. ನನ್ನ ಕಡೆ ತಿರುಗಿ ಅವರು "ಕಾಸಾ" ಎಂದಾಗ, ವ್ಯಾಪಾರಿಯ ಕಿವಿ ನೋಡಿ, ನನ್ನ ಕೈಯೂ ಜೇಬಿಗೇ ಹೋಯಿತು. ಆಮೇಲೆ ಆ ಮಸುಕು ಬಿಸಿಲು, ಕರಕರ ಸೂಜಿ, ಎಲ್ಲ ನೆನಪಿಗೆ ಬಂತು. ಲಾ ಮೀಯಾ ಕಾಸಾ.

"ಕಾಸಲ್ಲ! ಮನೆ! ಮನೆಗೋಗ್ಬೇಕು ಅಂತವ್ರೆ!"

ವಾರ್ಡಿನಲ್ಲಿ ಎಲ್ಲರ ಮುಖ ಬೆಳಗಿತು. ಆಸ್ಪತ್ರೆಯ ಕಾಂಪೌಂಡರು ರಂಗನಾಥಯ್ಯ ಒಳ್ಳೆಯ ಮನುಷ್ಯ. ಓಡಾಡಿ ಬರೆದು ವ್ಯವಸ್ಥೆ ಮಾಡಿದರು. ಮದರಾಸಿನಲ್ಲಿ ಸನ್ಯಾಸಿನಿಯರ ಒಂದು ಆಶ್ರಮ, ಅಲ್ಲಿಂದ ಹಡಗು, ಹಡಗಿನಿಂದ ಇಟಲಿ. ಗುಡ್ಡದ ಬುಡದ ಮನೆಯ ಸಾಮಾನನ್ನು ನಾನೇ ಕೊಳ್ಳುವುದೆಂದು ಮಾತಾಯಿತು. ಒಳ್ಳೆಯ ಮಂಚ, ಕಲ್ಲಿನ ಕೆಲಸದ ಹಳೇ ಕಾಲದ ಉಳಿಗಳು, ಒಂದು ಗೋಡೆ ಗಡಿಯಾರ. ದಾರಿಯಲ್ಲಿ ಮಾತು ಬೇಕಾದೀತೆಂದು ಬಂಗಾರಪೇಟೆಯವರೆಗೆ ನನ್ನನ್ನೂ ಕರೆದರು. ಮೇರಿಯಮ್ಮ ಕರೆಯದೆಯೇ ಬಂದಳು.

ನಮ್ಮ ಊರಿನ ರೈಲು ಹೊರಟಾಗಿನಿಂದ ಭರ್ತಲಪ್ಪ ಕಿಟಕಿಯ ಕಡೆ ತಿರುಗಿದವರು ತಿರುಗಿದಂತೆಯೇ ಇದ್ದರು. ಗುಡ್ಡಗಳು ಹಿಂದೆ ಹಿಂದೆ ಹೋಗಿ, ಬೆಳ್ಳಗೆ ತೆಳ್ಳಗಾಗಿ, ಮೋಡಕ್ಕೂ ಅವಕ್ಕೂ ವ್ಯತ್ಯಾಸ ತಿಳಿಯದಂತಾಯಿತು. "ಕಾಸಾ," ಎಂದರು. ಕಣ್ಣಿನಲ್ಲಿ ನೀರು. "ಊರು ನೆನಪಾಗ್ತಿದೆ ಪಾಪ," ಎಂದರು ರಂಗನಾಥಯ್ಯ.

ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಮದರಾಸಿನ ಗಾಡಿಗೆ ಕಾಯುತ್ತ ಕೂತೆವು. ಅವರು ಎಡಗೈಯಿಂದ ನನ್ನ ಅಂಗಿ ಹಿಡಿದರು. "ಕಾಸಾ. ಕಾಸಾ." ಮನೆಗೆ ಹೊರಟವರು ಹೀಗೆ ಹಿಡಿದುಕೊಳ್ಳುವುದಿಲ್ಲ. ಎತ್ತು ಮಾರಿದವನು ಎತ್ತಿನ ಹಗ್ಗವನ್ನು ಹೀಗೆ ಹಿಡಿಯುವುದನ್ನು ಸಂತೆಯಲ್ಲಿ ನೋಡಿದ್ದೇನೆ. ಮನೆ ಅಂದದ್ದು ನಾನು. ಯಾವ ಮನೆ ಅಂತ ಯಾರೂ ಕೇಳಿರಲಿಲ್ಲ.

ಕೇಳೋಣವೆಂದು ಬಾಯಿ ತೆರೆದೆ. ಇಟಾಲಿಯನ್ನಿನಲ್ಲಿ ಯಾವುದು, ಎಲ್ಲಿ, ಏನು, ಯಾರು, ಒಂದೂ ನನಗೆ ಗೊತ್ತಿರಲಿಲ್ಲ. ಅವೆಲ್ಲ ಒಡೆದ ತಟ್ಟೆಗಳಲ್ಲಿದ್ದವು. ಇಷ್ಟು ವರ್ಷ ಕಲಿತು ನನ್ನ ಹತ್ತಿರ ಇದ್ದದ್ದು ಉತ್ತರಗಳಷ್ಟೇ, ಅವೂ ಯಾರೋ ಹೆಂಗಸಿನವು. ದೂರದಲ್ಲಿ ಸಿಗ್ನಲ್ಲಿನ ಕೈಕಂಬ ಇಳಿಯಿತು. ಗಂಟೆ ಬಾರಿಸಿದರು.

ಆಗ ಅಪ್ಪನ ಮಾತು ಬಂತು. ಕೇಳಬ್ಯಾಡ ಕಣ್ಲಾ, ತಪ್ಪು ಏಳು.

ಹೆಗಲ ಮೇಲಿನ ಟವಲನ್ನು, ಯಾಕೆಂದು ಇವತ್ತಿಗೂ ತಿಳಿಯದು, ಅವರ ಎಡಗೈ ಮೇಲೆ ಹಾಕಿ ಒಳಗೆ ಕೈ ಹಿಡಿದುಕೊಂಡೆ. ಹೇಳಿದೆ: "ಲಾ ಮೀಯಾ ಕಾಸಾ ಎ ವಿಚೀನೋ ಅಲ್ ಮಾರೆ." ನನ್ನ ಮನೆ ಸಮುದ್ರದ ಹತ್ತಿರ.

"ನೋ!" ಎಂದರು. ಟವಲಿನ ಕೆಳಗೆ ಕೈ ಬಿಗಿಯಾಯಿತು. "ನೋ ಮಾರೆ."

"ಕಾಸಾ... ಮೊಂತಾನ್ಯಾ." ಮನೆ, ಬೆಟ್ಟ.

"ಸೀ! ಮೊಂತಾನ್ಯಾ! ಸೋತ್ತೋ, ಸೋತ್ತೋ." ಹೌದು ಎಂದದ್ದು ತಿಳಿಯಿತು. ಸೋತ್ತೋ ತಿಳಿಯಲಿಲ್ಲ. ಅವರು ಕೈಯನ್ನು ಟವಲಿನಿಂದ ಎಳೆದುಕೊಂಡು ತೊಡೆಯ ಕೆಳಗೆ ತೂರಿಸಿ ತೋರಿಸಿದರು. ಕೆಳಗೆ. ಬೆಟ್ಟದ ಕೆಳಗೆ.

"ಇಟಲಿ ತುಂಬಾ ಬೆಟ್ಟಗಳಂತೆ," ಎಂದರು ರಂಗನಾಥಯ್ಯ. "ಗಾಡಿ ಬರ್ತಾ ಇದೆ ನಾರಾಯಣಪ್ಪನೋರೆ, ಎತ್ತಿ."

"ಮೋಲ್ತಿ ಆಲ್ಬೆರಿ," ಎಂದೆ. ತುಂಬಾ ಮರಗಳು.

"ನೋ!" ತಪ್ಪು ಹೇಳಿದವನ ಮೇಲೆ ಬರುವ ಸಿಟ್ಟು ಅವರ ಅರ್ಧ ಮುಖದಲ್ಲಿ ಬಂತು. "ನಿಯೆಂತೆ ಆಲ್ಬೆರಿ. ನಿಯೆಂತೆ!" ಅಂಗೈಯನ್ನು ಗಾಳಿಯಲ್ಲಿ ನುಣ್ಣಗೆ ಇಳಿಜಾರಾಗಿ ಸವರಿದರು. ಏನೂ ಇಲ್ಲ, ಬೋಳು. ಆಮೇಲೆ ಅಂಗೈಯನ್ನು ತುಟಿಯ ಹತ್ತಿರ ತಂದು ಊದಿದರು. ಫೂ...

ನಾನು ಹಿಮ ಅಂದುಕೊಂಡೆ. ರಂಗನಾಥಯ್ಯನೂ "ಹಿಮ," ಎಂದರು. ಮೇರಿಯಮ್ಮ ಮಾತ್ರ ಎದ್ದು ನಿಂತಳು.

"ಅಯ್ಯೋ ಕಡವುಳೇ! ಹಿಮ ಅಲ್ಲ, ತೂಸಿ! ಧೂಳು! ದಿನಾ ಅವರ ಅಡುಗೆಮನೇಲಿ ನಾನ್ ತಾನೆ ಗುಡಿಸೋದು! ನಮ್ಮ ಸೈನೈಡ್ ಗುಡ್ಡ ಸಾಮಿ! ಗುಡ್ಡದ ಕೆಳಗಿನ ಮನೆ, ಸಾರ್ ಮನೇನೇ ಕೇಳ್ತಾವ್ರೆ!"

ಆಕೆ ನಾವು ಬಂದ ದಾರಿಯ ಕಡೆ ಕೈ ತೋರಿಸಿದಳು. ಭರ್ತಲಪ್ಪ ಆ ಕೈಯನ್ನು ನೋಡಿದರು. "ಕಾಸಾ," ಎಂದರು. ಈ ಸಲ ಮೆಲ್ಲಗೆ, ಚೌಕಾಸಿ ಮುಗಿದವನ ಹಾಗೆ.

ಗಾಡಿ ಬಂದು ನಿಂತಿತು. ರಂಗನಾಥಯ್ಯ ಬೆವರು ಒರೆಸಿಕೊಂಡರು. "ಟಿಕೆಟ್ ತಗೊಂಡಿದೀನ್ರೀ. ಅಲ್ಲಿ ಕಾಯ್ತಿರ್ತಾರೆ. ದೊಡ್ಡ ಡಾಕ್ಟ್ರಿಗೆ ಏನ್ ಹೇಳ್ಲಿ?"

ನನ್ನ ಜೀವಮಾನದ ಚೌಕಾಸಿಗಳಲ್ಲಿ ಅದು ಚಿಕ್ಕದು. "ರೋಗಿ ಒಲ್ಲೆ ಅಂದ ಅಂತ ಏಳಿ. ಒಲ್ಲೆ ಅಂದಿದ್ದನ್ನ ನಾನು ಕೇಳಿದೀನಿ, ಊರಿಗೆ ಆ ಭಾಷೆ ಬರೋನು ನಾನೊಬ್ನೇ, ಯಾರ್ ಇಲ್ಲ ಅಂತಾರೆ? ಊಟಕ್ಕೆ ಮೇರಿಯಮ್ಮ ಅವ್ಳೆ. ಆಸ್ಪತ್ರೆಗೆ ಕರ್ಕೊಂಡ್ ಬರೋದು ನನ್ ಭಾರ."

"ಅವರ ಮಂಚ, ಗಡಿಯಾರ, ನಿಮ್ಮ ವ್ಯಾಪಾರ?"

"ಮುರುದೋಯ್ತು," ಎಂದೆ. ನಾನೇ ಮುರಿದ ವ್ಯಾಪಾರ ಅದೊಂದೇ.

ಮದರಾಸಿನ ಗಾಡಿ ನಮ್ಮನ್ನು ಬಿಟ್ಟು ಹೋಯಿತು. ಊರ ರೈಲಿನಲ್ಲಿ ಗುಡ್ಡಗಳು ಮತ್ತೆ ಮೋಡದಿಂದ ಬಿಡಿಸಿಕೊಂಡು ಹತ್ತಿರ ಬರುವಾಗ ನನಗೆ ತಡೆಯಲಾಗಲಿಲ್ಲ. "ಸೋನೋ ಕೊಂತೆಂತಾ," ಎಂದೆ. ಭರ್ತಲಪ್ಪನವರ ಮುಖದ ಆಡುವ ಅರ್ಧ ನಕ್ಕಿತು. ನನ್ನ ಎದೆಗೆ ಬೆರಳಿಟ್ಟು, "ಕೊಂತೆಂತೋ," ಎಂದರು. "ತೋ. ತೋ." ಆಮೇಲೆ ಮೇರಿಯಮ್ಮನ ಕಡೆ ಬೆರಳು ತೋರಿಸಿ, "ಕೊಂತೆಂತಾ."

ಆಗ ಹೊಳೆಯಿತು. ನಮ್ಮಲ್ಲಿ ಸಂತೋಷವಾಯಿತು ಅನ್ನಲು ಗಂಡು ಹೆಣ್ಣಿಗೆ ಒಂದೇ ಮಾತು. ಅಲ್ಲಿ ಹಾಗಲ್ಲ. ನಾನು ಇಷ್ಟು ವರ್ಷ ಸಮುದ್ರದ ಹತ್ತಿರದ ಹೆಂಗಸಾಗಿಯೇ ಸಂತೋಷಪಟ್ಟಿದ್ದೆ, ದಣಿದಿದ್ದೆ. ಸಿನ್ಯೋರೀನಾ ಎಂದರೆ ಮದುವೆಯಾಗದ ಹುಡುಗಿ ಎಂದೂ ಆಮೇಲೆ ಅವರ ಕೈಸನ್ನೆಯಿಂದಲೇ ತಿಳಿಯಿತು. ಅಷ್ಟು ಹೊತ್ತಿಗೆ ಪೇಟೆಯಲ್ಲಿ ನನ್ನ ಹೆಸರು ಗಟ್ಟಿಯಾಗಿತ್ತು. ರಾಜಮ್ಮನಿಗೆ ಹೇಳಿದಾಗ, "ಮದುವೆ ಆಗದೋಳಾ? ಅಂಗಾರೆ ಒಂದು ಗಂಡು ನೋಡನ ಬುಡಿ," ಎಂದಳು.

ಭರ್ತಲಪ್ಪನವರು ಆಮೇಲೂ ಸ್ವಲ್ಪ ಕಾಲ ಇದ್ದರು, ಅದೇ ಮನೆಯಲ್ಲಿ, ಅದೇ ಮಂಚದ ಮೇಲೆ. ಅವರ ಭಾಷೆಯ ಮಾತುಗಳು ಮೆಲ್ಲಮೆಲ್ಲಗೆ ನಾಲಿಗೆಗೆ ಮರಳಿದವು. ಮಧ್ಯಾಹ್ನ ಅಂಗಡಿ ಮುಚ್ಚಿ ಗ್ರಾಮಫೋನನ್ನು ಅಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ತಟ್ಟೆಯ ಆಕೆ ಉತ್ತರ ಹೇಳುತ್ತಿದ್ದಳು. ಅವರು ಉತ್ತರ ಕೇಳಿ, ಕಣ್ಣು ಮುಚ್ಚಿ ಹುಡುಕಿ, ಅದಕ್ಕೆ ಯಾವ ಪ್ರಶ್ನೆ ಕೇಳಿರಬೇಕೆಂದು ಒಂದೊಂದಾಗಿ ಹೇಳಿಕೊಡುತ್ತಿದ್ದರು. ದೊವೇ, ಎಲ್ಲಿ. ಕೀ, ಯಾರು. ಪೆರ್ಕೇ, ಯಾಕೆ. ಒಡೆದ ತಟ್ಟೆಗಳು ಹೀಗೆ ಮತ್ತೆ ಕೂಡಿಕೊಂಡವು. ಕಿಟಕಿಯಾಚೆ ಗುಡ್ಡದಿಂದ ಧೂಳು ಎದ್ದು ಬರುತ್ತಿತ್ತು. ಮೇರಿಯಮ್ಮ ಗುಡಿಸುತ್ತಿದ್ದಳು.

ವ್ಯಾಪಾರಕ್ಕೆ ಬರುವ ಹುಡುಗರೇ, ಸಿಕ್ಕಿದ್ದನ್ನು ಅರ್ಧವಾದರೂ ಕೊಂಡುಕೊಳ್ಳಿ. ಉಳಿದರ್ಧ ಎಲ್ಲೋ ಯಾರ ಬಾಯಲ್ಲೋ ಇರುತ್ತದೆ. ಅದನ್ನು ಪಡೆಯಲು ತಪ್ಪು ಹೇಳಬೇಕಾಗುತ್ತದೆ, ನಾಚಿಕೊಳ್ಳಬೇಡಿ.

ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇನೆ, ಗ್ರಾಮಫೋನನ್ನು ಬಿಟ್ಟಿಲ್ಲ. ಈಗಲೂ ಗಾಳಿಕಾಲದ ಮಧ್ಯಾಹ್ನ ಕೀಲಿ ಕೊಡುತ್ತೇನೆ. ಪ್ರಶ್ನೆ ನನ್ನದು, ಭರ್ತಲಪ್ಪ ಕಲಿಸಿದ್ದು. "ದೊವೇ ಲಾ ಸೂವಾ ಕಾಸಾ?" ನಿಮ್ಮ ಮನೆ ಎಲ್ಲಿ? ಸೂಜಿ ಕರಕರ ಎಂದು ದಾರಿ ಹುಡುಕುತ್ತದೆ. ಸಮುದ್ರದ ಹತ್ತಿರ, ಎನ್ನುತ್ತಾಳೆ ಆಕೆ, ಎಂದಿನಂತೆ ನಿದ್ದೆಗಣ್ಣಿನಲ್ಲಿ ಎಳೆಯುತ್ತ.

"ನೋ," ಎನ್ನುತ್ತೇನೆ ನಾನು. "ಗುಡ್ಡದ ಕೆಳಗಮ್ಮ. ಮರ ಇಲ್ಲ ನೋಡು, ಆ ಗುಡ್ಡದ ಕೆಳಗೆ."